ಕಸೂತಿ ವ್ಯಾಪಾರ: ಬೆಲೆ ಹೇಳುವ ಮೊದಲು ಗಂಟೆ ಎಣಿಸಿ

ಧಾರವಾಡ-ಹುಬ್ಬಳ್ಳಿ ಭಾಗದಲ್ಲಿ ನಾಲ್ಕೈದು ಹೆಂಗಸರನ್ನು ಜೊತೆಗಿಟ್ಟುಕೊಂಡು ಕಸೂತಿ ಕೆಲಸ ಶುರು ಮಾಡುವವರು ಮೊದಲು ಚಿಂತಿಸುವುದು ಗಿರಾಕಿ ಎಲ್ಲಿ ಸಿಗುತ್ತಾರೆ ಎಂದು. ಗಿರಾಕಿ ಸಿಗುತ್ತಾರೆ. ಆದರೆ ಇಂಥ ಘಟಕಗಳು ಮುಚ್ಚುವುದು ಬಹುತೇಕ ಆರ್ಡರ್ ಇಲ್ಲದೆ ಅಲ್ಲ, ಆರ್ಡರ್ ಇದ್ದೂ ಕೈಯಲ್ಲಿ ಏನೂ ಉಳಿಯದೆ. ಕಸೂತಿಯಲ್ಲಿ ದಾರದ ಖರ್ಚು ಚಿಲ್ಲರೆ, ಬಟ್ಟೆಯ ಖರ್ಚು ಸಾಧಾರಣ. ಖರ್ಚಿನ ದೊಡ್ಡ ಪಾಲು ಕೈಯ ಸಮಯ. ಆ ಸಮಯವನ್ನು ಅಳೆಯದೆ ‘ಮಾರ್ಕೆಟ್‌ನಲ್ಲಿ ಇಷ್ಟಕ್ಕೆ ಹೋಗ್ತದ’ ಅಂತ ಬೆಲೆ ಹೇಳಿದರೆ ನಷ್ಟ ಯಾರದೋ ಒಬ್ಬರ ಕೂಲಿಯಲ್ಲಿ ಅಡಗಿ ಕೂರುತ್ತದೆ, ಸಾಮಾನ್ಯವಾಗಿ ನಿಮ್ಮದೇ ಕೂಲಿಯಲ್ಲಿ.

ಸಮಯ ಅಳೆಯಲು ಕಸೂತಿಯಷ್ಟು ಅನುಕೂಲದ ಕೈಕೆಲಸ ಇನ್ನೊಂದಿಲ್ಲ. ಇದು ಎಳೆ ಎಣಿಸಿ ಹಾಕುವ ಹೊಲಿಗೆ. ಗ್ರಾಫ್ ಹಾಳೆಯ ಮೇಲೆ ಎಷ್ಟು ಗೆರೆತುಂಡು ಇವೆಯೋ ಬಟ್ಟೆಯ ಮೇಲೆ ಅಷ್ಟೇ ಹೊಲಿಗೆ. ಹಾಗಾಗಿ ಸೂಜಿ ಹಿಡಿಯುವ ಮೊದಲೇ ಒಂದು ಗೋಪುರದ ಚಿತ್ತಾರಕ್ಕೆ ಎಷ್ಟು ಹೊತ್ತು, ಎಷ್ಟು ದಾರ ಬೇಕು ಅಂತ ಹೇಳಬಹುದು.

ಬಟ್ಟೆ

ಕಸೂತಿಗೆ ಬೇಕಾದದ್ದು ಎಳೆ ಕಣ್ಣಿಗೆ ಕಾಣುವ, ಹಾಸು-ಹೊಕ್ಕು, ಅಂದರೆ ಉದ್ದದ ಎಳೆ-ಅಡ್ಡದ ಎಳೆ, ಎರಡೂ ಹತ್ತಿರ ಹತ್ತಿರ ಸಮ ಇರುವ ಸಾದಾ ನೇಯ್ಗೆ. ಕೈಮಗ್ಗದ ಹತ್ತಿ ಅಥವಾ ಖಾದಿ ಕೊಳ್ಳುವಾಗ ಒಂದು ಅಂಗುಲದಲ್ಲಿ ಹಾಸಿನ ಎಳೆ ಎಷ್ಟು, ಹೊಕ್ಕಿನ ಎಳೆ ಎಷ್ಟು ಎಂದು ಭೂತಗನ್ನಡಿ ಹಿಡಿದು ಎಣಿಸಿ. ಥಾನಿನ ಎರಡು ಮೂರು ಕಡೆ ಎಣಿಸಬೇಕು, ಕೈಮಗ್ಗದಲ್ಲಿ ಹೊಕ್ಕಿನ ಬಿಗಿ ಒಂದೇ ಥಾನಿನಲ್ಲೂ ಬದಲಾಗುತ್ತದೆ. ಹಾಸು 40, ಹೊಕ್ಕು 36 ಇದೆ ಎಂದುಕೊಳ್ಳಿ. ನಾಲ್ಕು ಎಳೆಗೆ ಒಂದು ಹೊಲಿಗೆಯಂತೆ 40 ಹೊಲಿಗೆ ಅಗಲ, 40 ಹೊಲಿಗೆ ಎತ್ತರದ ಚೌಕ ಗೋಪುರ ಹಾಕಿದರೆ ಅಗಲ 4 ಅಂಗುಲ ಬರುತ್ತದೆ, ಎತ್ತರ 4.4 ಅಂಗುಲ. ಗೋಪುರವಾದರೆ ಉದ್ದವಾಗಿದ್ದರೂ ನಡೆಯುತ್ತದೆ. ಕಮಲವೋ ಚಕ್ರವೋ ಆದರೆ ಮೊಟ್ಟೆಯ ಹಾಗೆ ಕಾಣುತ್ತದೆ. ವ್ಯತ್ಯಾಸ ಹತ್ತಕ್ಕೆ ಒಂದು ಪಾಲಿಗಿಂತ ಹೆಚ್ಚಿದ್ದರೆ ಗ್ರಾಫನ್ನೇ ತಿದ್ದಿ, ಉದ್ದವಾಗುವ ದಿಕ್ಕಿನಲ್ಲಿ ಕೆಲವು ಮನೆ ಕಡಿಮೆ ಮಾಡಿ. ಇಲ್ಲವೇ ಆ ಬಟ್ಟೆಗೆ ಚೌಕ ವಿನ್ಯಾಸ ಬೇಡ.

ಹತ್ತಿ ಬಟ್ಟೆಯನ್ನು ಕಸೂತಿಗೆ ಮೊದಲೇ ತೊಳೆದು, ಒಣಗಿಸಿ, ಇಸ್ತ್ರಿ ಮಾಡಿ, ಆಮೇಲೆ ಕತ್ತರಿಸಿ. ತೊಳೆಯದೆ ಹೊಲಿದರೆ ಗಿರಾಕಿ ಮನೆಯಲ್ಲಿ ಮೊದಲ ಸಲ ಒಗೆದಾಗ ಬಟ್ಟೆ ಬಹಳ ಕುಗ್ಗುತ್ತದೆ, ದಾರ ಅಷ್ಟು ಕುಗ್ಗುವುದಿಲ್ಲ. ಹೊಲಿಗೆಯ ಸುತ್ತ ಬಟ್ಟೆ ಸುಕ್ಕುಗಟ್ಟುತ್ತದೆ. ಇದಕ್ಕೆ ರಿಪೇರಿ ಇಲ್ಲ. ತೊಳೆಯುವ ಮುಂಚೆ ಒಂದು ಮೀಟರ್ ಗುರುತು ಹಾಕಿ, ಒಣಗಿದ ಮೇಲೆ ಮತ್ತೆ ಅಳೆದರೆ ಎಷ್ಟು ಕುಗ್ಗಿತು ಎಂದು ಗೊತ್ತಾಗುತ್ತದೆ. ಆ ಕೊರತೆಯನ್ನು ಬಟ್ಟೆಯ ಬೆಲೆಗೆ ಸೇರಿಸಿಕೊಳ್ಳಿ.

ಇಳಕಲ್ ಸೀರೆಯ ರೇಷ್ಮೆ ಸೆರಗಿನಂಥ ನುಣುಪು ಬಟ್ಟೆಯಲ್ಲಿ ಎಳೆ ಎಣಿಸುವುದು ಕಷ್ಟ. ಅದರ ಮೇಲೆ ಜಾಲರಿ ಬಟ್ಟೆ, ಅಂದರೆ ಕ್ಯಾನ್ವಾಸ್, ಟಾಕಿ ಅದರ ಕಣ್ಣು ಎಣಿಸಿ ಹೊಲಿದು, ಕೊನೆಗೆ ಜಾಲರಿಯ ಎಳೆಗಳನ್ನು ಒಂದೊಂದಾಗಿ ಚಿಮಟದಿಂದ ಎಳೆಯುತ್ತಾರೆ. ಇಲ್ಲಿ ಎರಡು ತಪ್ಪು ಮತ್ತೆ ಮತ್ತೆ ಆಗುತ್ತವೆ. ಒಂದು, ಎಳೆಗಳು ಒಂದಕ್ಕೊಂದು ಅಂಟಿಕೊಂಡ ಜಾತಿಯ ಕ್ಯಾನ್ವಾಸ್ ತರುವುದು. ಅದರ ಎಳೆ ಬಿಡಿಸಿಕೊಳ್ಳುವುದೇ ಇಲ್ಲ. ಕೊಳ್ಳುವಾಗಲೇ ಅಂಚಿನಿಂದ ಒಂದು ಎಳೆ ಎಳೆದು ನೋಡಿ, ಸಲೀಸಾಗಿ ಬರಬೇಕು. ಎರಡನೆಯದು, ಸೂಜಿ ಜಾಲರಿಯ ಕಣ್ಣಿನೊಳಗೆ ಇಳಿಯುವ ಬದಲು ಎಳೆಯನ್ನೇ ಚುಚ್ಚುವುದು. ಹಾಗೆ ಚುಚ್ಚಿದ ಎಳೆ ಎಳೆದರೆ ಕಸೂತಿಯೂ ಜೊತೆಗೆ ಎದ್ದು ಬರುತ್ತದೆ. ಜಾಲರಿ ಟಾಕಿ ಬಿಡಿಸುವ ಸಮಯವನ್ನೂ ಲೆಕ್ಕಕ್ಕೆ ಹಿಡಿಯಬೇಕು.

ದಾರ

ಆರು ಎಳೆಯ ಹತ್ತಿ ಕಸೂತಿ ದಾರದ ಒಂದು ಲಡಿ ಸಾಮಾನ್ಯವಾಗಿ 8 ಮೀಟರ್. ಎರಡೆರಡು ಎಳೆ ತೆಗೆದರೆ ಕೈಗೆ 24 ಮೀಟರ್ ಬರುತ್ತದೆ. ಕಸೂತಿಯ ಹೊಲಿಗೆ ನಾಲ್ಕು: ಗಾವಂತಿ, ಮುರಗಿ, ನೇಯ್ಗಿ, ಮೆಂತೆ. ಗಾವಂತಿಯಲ್ಲಿ ಒಂದು ಗೆರೆ ಪೂರ್ತಿಯಾಗಲು ದಾರ ಹೋಗಿ ಬರಬೇಕು. ಹೋಗುವಾಗ ಒಂದು ಬಿಟ್ಟು ಒಂದು ಹೊಲಿಗೆ, ಬರುವಾಗ ಬಿಟ್ಟ ಜಾಗ ತುಂಬುತ್ತದೆ. ಮುಂದೆಯೂ ಹಿಂದೆಯೂ ಒಂದೇ ರೂಪ ಬರುವುದು ಇದರಿಂದಲೇ. ಹಾಗಾಗಿ ಗೆರೆಯ ಉದ್ದದ ಎರಡರಷ್ಟು ದಾರ, ಮೇಲೆ ತುದಿ-ಮೊದಲಿಗೆ, ವ್ಯರ್ಥಕ್ಕೆ ಅಂತ ಐದರಲ್ಲಿ ಒಂದು ಪಾಲು ಸೇರಿಸಿ. ಹೊಲಿಗೆ ಎರಡೂವರೆ ಮಿಲಿಮೀಟರ್ ಇದ್ದರೆ ಒಂದು ಲಡಿಯಲ್ಲಿ ಹತ್ತು ಮೀಟರ್ ಗೆರೆ, ಅಂದರೆ ಸುಮಾರು 4,000 ಹೊಲಿಗೆ. ಮುರಗಿಯೂ ಹೋಗಿ-ಬರುವ ಜಾತಿಯೇ, ಮೆಟ್ಟಿಲಿನ ಹಾಗೆ ಓರೆಯಾಗಿ ಏರುತ್ತದೆ. ನೇಯ್ಗಿ ಒಂದೇ ಓಟದ ಹೊಲಿಗೆ, ಬಟ್ಟೆಯಲ್ಲೇ ನೇಯ್ದಂತೆ ಕಾಣುತ್ತದೆ. ಮೆಂತೆ ಅಡ್ಡಹೊಲಿಗೆ, ದಾರ ಹೆಚ್ಚು ತಿನ್ನುತ್ತದೆ. ಈ ಎರಡರಲ್ಲಿ ಹಿಂಬದಿ ಮುಂಬದಿಯಂತೆ ಇರುವುದಿಲ್ಲ. ‘ಎರಡೂ ಕಡೆ ಒಂದೇ ರೀತಿ’ ಎಂದು ಚೀಟಿಯಲ್ಲಿ ಅಚ್ಚು ಹಾಕಿಸುವ ಮುಂಚೆ ಇದನ್ನು ನೆನಪಿಡಿ.

ಕೆಂಪು, ಕಪ್ಪು, ಗಾಢ ನೀಲಿ ದಾರಗಳನ್ನು ಪ್ರತಿ ಹೊಸ ಬಂಡಲಿನಲ್ಲೂ ಪರೀಕ್ಷಿಸಿ. ಒಂದು ಗೇಣು ದಾರವನ್ನು ಸೋಪು ಬೆರೆಸಿದ ಉಗುರು ಬೆಚ್ಚಗಿನ ನೀರಿನಲ್ಲಿ ಕಾಲು ಗಂಟೆ ಬಿಟ್ಟು, ಹಿಂಡಿ, ಬಿಳಿ ಬಟ್ಟೆಯ ಎರಡು ಪದರಿನ ನಡುವೆ ಇಟ್ಟು ಭಾರ ಹೇರಿ ಒಣಗಿಸಿ. ಬಿಳಿಯ ಮೇಲೆ ಸ್ವಲ್ಪ ಬಣ್ಣ ಕಂಡರೂ ಆ ದಾರ ತಿಳಿ ಬಟ್ಟೆಗೆ ಬೇಡ. ಉಪ್ಪು ನೀರಿನಲ್ಲಿ ನೆನೆಸಿದರೆ ಬಣ್ಣ ನಿಲ್ಲುತ್ತದೆ ಎಂಬ ನಂಬಿಕೆ ಎಲ್ಲ ಮನೆಗಳಲ್ಲೂ ಇದೆ. ಬಣ್ಣ ಬಿಡುವ ದಾರ ಉಪ್ಪಿನಿಂದ ಸರಿಹೋಗುವುದಿಲ್ಲ, ಗಿರಾಕಿಯ ಬಕೆಟ್ಟಿನಲ್ಲಿ ಮತ್ತೆ ಬಿಡುತ್ತದೆ. ಇನ್ನೊಂದು ವಿಷಯ: ಬಣ್ಣದ ಸಂಖ್ಯೆ ಒಂದೇ ಇದ್ದರೂ ಬೇರೆ ಬೇರೆ ಸಲ ಬಣ್ಣ ಹಾಕಿದ ದಾರದಲ್ಲಿ ಛಾಯೆ ಬದಲಾಗಬಹುದು. ಒಂದು ಆರ್ಡರಿನ ದಾರ ಪೂರ್ತಿ ಒಂದೇ ಸಲ ಕೊಳ್ಳಿ.

ಗ್ರಾಫ್ ಬರೆಯುವಾಗಲೇ ಖರ್ಚು ನಿರ್ಧಾರವಾಗುತ್ತದೆ

ತುಳಸಿಕಟ್ಟೆ, ತೇರು, ಗೋಪುರ, ಆನೆ, ನವಿಲು, ಶಂಖ ಇವೆಲ್ಲ ಎಲ್ಲರ ಆಸ್ತಿ. ನಿಮ್ಮದು ಅಂತ ಇರುವುದು ಅವುಗಳ ಜೋಡಣೆ, ಅಳತೆ, ಬಣ್ಣ, ಯಾವ ವಸ್ತುವಿನ ಮೇಲೆ ಹಾಕುತ್ತೀರಿ ಎನ್ನುವುದು. ಅಲ್ಲಿ ಜಾಣತನ ತೋರಿಸಿದರೆ ಅರ್ಧ ವ್ಯಾಪಾರ ಗೆದ್ದಂತೆ.

ಗ್ರಾಫ್ ಮೇಲೆ ವಿನ್ಯಾಸ ಮುಗಿದ ಮೇಲೆ ಪೆನ್ಸಿಲ್ ಎತ್ತದೆ ಅದನ್ನು ಗೀಚಲು ಆಗುತ್ತದೆಯೇ ನೋಡಿ. ಬಂದ ದಾರಿಯಲ್ಲೇ ವಾಪಸಾಗಬಹುದು, ಆದರೆ ಖಾಲಿ ಜಾಗ ಹಾರುವಂತಿಲ್ಲ. ಒಂದಕ್ಕೊಂದು ತಾಗಿಕೊಂಡ ಯಾವ ವಿನ್ಯಾಸವನ್ನಾದರೂ ಗಾವಂತಿಯಲ್ಲಿ ಒಂದೇ ದಾರದ ಓಟದಲ್ಲಿ ಮಾಡಬಹುದು, ಕವಲು ಬಂದಲ್ಲಿ ಆ ಕವಲಿಗೆ ಹೋಗಿ ಬಂದು ಮುಂದುವರಿಯಬೇಕು ಅಷ್ಟೆ. ಆದರೆ ನವಿಲಿನ ಕಣ್ಣು, ತೇರಿನ ಮೇಲಿನ ಬಾವುಟ, ಸುತ್ತ ಚೆಲ್ಲಿದ ಚುಕ್ಕಿ ಇವು ಮೈಗೆ ತಾಗದೆ ಬಿಡಿಬಿಡಿಯಾಗಿದ್ದರೆ ಪ್ರತಿಯೊಂದಕ್ಕೂ ಹೊಸದಾಗಿ ದಾರ ಶುರು ಮಾಡಿ ಮುಗಿಸಬೇಕು. ಕಸೂತಿಯಲ್ಲಿ ಗಂಟು ಹಾಕುವಂತಿಲ್ಲ, ದಾರದ ತುದಿಯನ್ನು ಹಾಕಿದ ಹೊಲಿಗೆಗಳ ಒಳಗೇ ನುಸುಳಿಸಿ ಮರೆಮಾಡಬೇಕು. ಒಂದೊಂದು ತುದಿಗೆ ಒಂದೂವರೆ ನಿಮಿಷ ಹಿಡಿದರೂ ಐದು ಬಿಡಿ ತುಂಡು ಇರುವ ನವಿಲಿಗೆ ಕಾಲು ಗಂಟೆ ಬರೀ ತುದಿ ಮುಚ್ಚಲು ಹೋಗುತ್ತದೆ. ಬಾವುಟಕ್ಕೆ ಕೆಳಗೆ ಒಂದು ಕೋಲು ಸೇರಿಸಿ ತೇರಿಗೆ ತಾಗಿಸಿದರೆ ಅಷ್ಟೂ ಉಳಿತಾಯ. ನೋಡುವವರಿಗೆ ವ್ಯತ್ಯಾಸ ಗೊತ್ತೂ ಆಗುವುದಿಲ್ಲ.

ಹೊಸ ವಿನ್ಯಾಸವನ್ನು 2000ದ ವಿನ್ಯಾಸ ಕಾಯ್ದೆಯಡಿ ನೋಂದಾಯಿಸುವ ಯೋಚನೆ ಇದ್ದರೆ ಅರ್ಜಿ ಹಾಕುವ ಮೊದಲು ಅದರ ಫೋಟೊ ಇನ್‌ಸ್ಟಾಗ್ರಾಂನಲ್ಲಿ ಹಾಕಬೇಡಿ. ಮೊದಲೇ ಬಹಿರಂಗವಾದದ್ದು ‘ಹೊಸದು’ ಎನಿಸಿಕೊಳ್ಳುವುದಿಲ್ಲ. ನೋಂದಣಿ ಸಿಕ್ಕರೆ 10 ವರ್ಷ, ಆಮೇಲೆ ಇನ್ನೂ 5 ವರ್ಷ ವಿಸ್ತರಿಸಬಹುದು. ಸಣ್ಣ ಘಟಕಕ್ಕೆ ಇದು ಎಲ್ಲ ವಿನ್ಯಾಸಕ್ಕೂ ಬೇಕಿಲ್ಲ, ವರ್ಷಗಟ್ಟಲೆ ಓಡುವ ಒಂದೆರಡಕ್ಕೆ ಸಾಕು.

ಮಾದರಿ ತುಂಡು ಮತ್ತು ಗಡಿಯಾರ

ಪ್ರತಿ ಹೊಸ ವಿನ್ಯಾಸಕ್ಕೂ ಒಂದು ಮಾದರಿ ಹಾಕಿಸಿ, ಅದೇ ಬಟ್ಟೆ, ಅದೇ ದಾರದಲ್ಲಿ. ಮೂವರ ಕೈಯಲ್ಲಿ ಹಾಕಿಸಿದರೆ ಒಳ್ಳೆಯದು. ಮೊದಲನೆಯ ಬುಟ್ಟಾದಲ್ಲಿ, ಅಂದರೆ ಬಿಡಿ ಚಿತ್ತಾರದಲ್ಲಿ, ಎಣಿಕೆ ಹಿಡಿಯಲು ಹೊತ್ತಾಗುತ್ತದೆ, ಆದ್ದರಿಂದ ಎರಡನೆಯದರ ಸಮಯ ಬರೆದುಕೊಳ್ಳಿ. ಮೂವರಲ್ಲಿ ನಡುವಿನವಳ ವೇಗವನ್ನು ಹಿಡಿಯಿರಿ. ಅತಿ ವೇಗದವಳ ಗಡಿಯಾರದಲ್ಲಿ ದರ ಕಟ್ಟಿದರೆ ಉಳಿದವರಿಗೆ ದಿನಗೂಲಿಯೂ ಗಿಟ್ಟದೆ ಮುಂದಿನ ಆರ್ಡರಿಗೆ ಬರುವುದಿಲ್ಲ.

ಉದಾಹರಣೆಗೆ 120 ಹೊಲಿಗೆಯ ಒಂದು ಬುಟ್ಟಾಕ್ಕೆ ನಡುವಿನವಳಿಗೆ 36 ನಿಮಿಷ ಹಿಡಿಯಿತು ಎನ್ನಿ. ಗಂಟೆಗೆ 200 ಹೊಲಿಗೆ ಆಯಿತು. ಜೊತೆಗೆ ದಾರದ ಎರಡು ತುದಿಗೆ 3 ನಿಮಿಷ. ಅಲ್ಲಿಗೆ ಬುಟ್ಟಾ ಒಂದಕ್ಕೆ 39 ನಿಮಿಷ. ಎರಡೂವರೆ ಮೀಟರ್ ದುಪಟ್ಟದ ಮೇಲೆ ಇಂಥ 40 ಬುಟ್ಟಾ, ಗುರುತಿನ ಟಾಕಿಗೆ ಒಂದು ಗಂಟೆ: ಒಟ್ಟು 27 ಗಂಟೆ. ಕೆಳಗಿನ ಲೆಕ್ಕದ ದರಗಳು ಉದಾಹರಣೆ ಮಾತ್ರ, ನಿಮ್ಮ ಊರಿನ ದರ ಹಾಕಿಕೊಳ್ಳಿ. ಕೂಲಿ ಮಾತ್ರ ಸರಕಾರದ ಕನಿಷ್ಠ ವೇತನಕ್ಕಿಂತ ಕೆಳಗಿಳಿಯಬಾರದು.

ಕೂಲಿ, ಗಂಟೆಗೆ 80 ರೂ.ನಂತೆ 27 ಗಂಟೆ: 2,160
ಬಟ್ಟೆ, ಕುಗ್ಗುವಿಕೆ ಸೇರಿ: 550
ದಾರ, 2 ಲಡಿ: 30
ಅಂಚು ಹೊಲಿಗೆ, ಗೊಂಡೆ: 100
ತೊಳೆತ, ಇಸ್ತ್ರಿ: 40
ಚೀಟಿ, ಪೊಟ್ಟಣ: 60
ಒಟ್ಟು 2,940. ಕೆಟ್ಟ ಮಾಲಿಗೆ ಶೇ. 5 ಸೇರಿಸಿ 3,087.

ಇಷ್ಟಕ್ಕೆ ನಿಲ್ಲಿಸುವವರೇ ಹೆಚ್ಚು. ಬಾಡಿಗೆ, ಫೋನು, ಓಡಾಟ, ಫೋಟೊ, ಮಾದರಿ ತುಂಡುಗಳ ಖರ್ಚು ತಿಂಗಳಿಗೆ 9,000 ಇದ್ದು 20 ದುಪಟ್ಟ ಹೊರಬಂದರೆ ಒಂದೊಂದರ ಮೇಲೆ 450 ಬೀಳುತ್ತದೆ. ನೀವು ಗ್ರಾಫ್ ಹಂಚಿ, ಪರೀಕ್ಷಿಸಿ, ಪ್ಯಾಕ್ ಮಾಡಿದ ಎರಡು ಗಂಟೆಗೆ 300. ಈಗ 3,837. ಅದರ ಮೇಲೆ ಶೇ. 15 ಲಾಭ ಇಟ್ಟರೆ ಸುಮಾರು 4,400. ಇದು ನಿಮ್ಮ ಸಗಟು ಬೆಲೆ, ಇದಕ್ಕಿಂತ ಕೆಳಗೆ ಇಳಿಯಬೇಡಿ.

ಅಂಗಡಿಯವರು ಮಾರಾಟದ ಬೆಲೆಯಲ್ಲಿ ಶೇ. 40 ಇಟ್ಟುಕೊಳ್ಳುತ್ತಾರೆ ಎನ್ನಿ. ಆಗ 4,400ಕ್ಕೆ ಶೇ. 40 ಸೇರಿಸಿ 6,160 ಎಂದು ಚೀಟಿ ಅಂಟಿಸುವುದು ತೀರಾ ಸಾಮಾನ್ಯವಾದ ತಪ್ಪು. 6,160ರಲ್ಲಿ ಶೇ. 40 ಅಂದರೆ 2,464 ಅಂಗಡಿಗೆ ಹೋಗುತ್ತದೆ, ನಿಮಗೆ ಬರುವುದು 3,696. ಅದು ನಿಮ್ಮ ಅಸಲಿಗಿಂತಲೂ 141 ಕಡಿಮೆ. ಕೂಡಿಸಬಾರದು, ಭಾಗಿಸಬೇಕು: 4,400 ಭಾಗಿಸು 0.6, ಅಂದರೆ 7,333. ಚೀಟಿಯಲ್ಲಿ 7,350. ಇದರಲ್ಲಿ ಜಿಎಸ್‌ಟಿ ಸೇರಿಲ್ಲ, ನೀವು ಅದನ್ನು ಕಟ್ಟುವವರಾದರೆ ಸೇರಿಸಿಯೇ ಚೀಟಿ ಅಚ್ಚು ಹಾಕಿಸಿ.

ಬೆಲೆ ಜಾಸ್ತಿಯಾಯಿತು ಅನ್ನಿಸಿದರೆ ಕೂಲಿಗೆ ಕೈಹಾಕುವುದು ಸುಲಭ, ಆದರೆ ಕೆಟ್ಟದ್ದು. ಬುಟ್ಟಾ ಕಡಿಮೆ ಮಾಡಿ. ಮೈತುಂಬ 40ರ ಬದಲು ಎರಡು ತುದಿಗೆ 11ರಂತೆ 22 ಇಟ್ಟರೆ 11.7 ಗಂಟೆ ಉಳಿಯುತ್ತದೆ, ಕೂಲಿಯಲ್ಲಿ 936 ಇಳಿಯುತ್ತದೆ. ಅದು ಕೆಟ್ಟ ಮಾಲಿನ ಪಾಲು, ಲಾಭ, ಅಂಗಡಿಯ ಪಾಲು ಎಲ್ಲವನ್ನೂ ಇಳಿಸಿಕೊಂಡು ಬಂದು ಚೀಟಿಯ ಬೆಲೆಯಲ್ಲಿ ಸುಮಾರು 1,900 ಆಗುತ್ತದೆ. 7,350ರ ದುಪಟ್ಟ 5,450ಕ್ಕೆ ಬಂತು, ಹೊಲಿದವಳ ಗಂಟೆಯ ದರ ಹಾಗೆಯೇ ಉಳಿಯಿತು. ಕುತ್ತಿಗೆಗೆ ಸುತ್ತಿ ಮಡಿಕೆಯೊಳಗೆ ಮರೆಯಾಗುವ ನಡುಭಾಗಕ್ಕೆ ಕಸೂತಿ ಹಾಕಿಸುವುದು ದುಡ್ಡು ಬಚ್ಚಿಟ್ಟ ಹಾಗೆ.

ಮನೆಗೆ ಕೆಲಸ ಕೊಡುವ ಕ್ರಮ

ಒಬ್ಬೊಬ್ಬರಿಗೂ ಹತ್ತಿಬಟ್ಟೆಯ ಚೀಲ ಕೊಡಿ. ಅದರಲ್ಲಿ ಅಂಚು ಸುತ್ತಿ ಟಾಕಿದ ಬಟ್ಟೆ, ಲೆಕ್ಕದ ದಾರ, ತುದಿ ಮೊಂಡಾದ 24 ಅಥವಾ 26ನೇ ನಂಬರಿನ ಎರಡು ಸೂಜಿ, ದೊಡ್ಡದಾಗಿ ಅಚ್ಚು ಹಾಕಿದ ಗ್ರಾಫ್, ಒಪ್ಪಿದ ಮಾದರಿ ತುಂಡು. ಚೂಪು ಸೂಜಿ ಎಳೆಯನ್ನು ಸೀಳುತ್ತದೆ, ಎಣಿಕೆ ತಪ್ಪುವುದು ಅಲ್ಲಿಂದಲೇ. ಚೀಲದ ಚೀಟಿಯಲ್ಲಿ ಕೊಟ್ಟ ದಿನ, ಬರಬೇಕಾದ ದಿನ, ಒಪ್ಪಿದ ಕೂಲಿ ಮೂರೂ ಇರಲಿ. ಅದೇ ಮೂರು ನಿಮ್ಮ ವಹಿಯಲ್ಲೂ.

ಗುರುತು ಹಾಕಲು ಪೆನ್ಸಿಲ್ ಬೇಡ, ಇಸ್ತ್ರಿ ತಾಗಿದರೆ ಮಾಯವಾಗುವ ಪೆನ್ನು ಇನ್ನೂ ಬೇಡ. ಆ ಶಾಯಿ ಶಾಖಕ್ಕೆ ಮರೆಯಾಗುತ್ತದೆಯೇ ಹೊರತು ಹೋಗುವುದಿಲ್ಲ, ತೀರಾ ಚಳಿಯ ಊರಿಗೆ ಹೋದ ಪಾರ್ಸೆಲ್‌ನಲ್ಲಿ ಮತ್ತೆ ಮೂಡಬಹುದು. ನಡುಗೆರೆಗೆ ಬೇರೆ ಬಣ್ಣದ ತೆಳು ದಾರದಲ್ಲಿ ಉದ್ದುದ್ದ ಟಾಕಿ ಹಾಕಿ, ಮುಗಿದ ಮೇಲೆ ಬಿಚ್ಚಿ. ಹತ್ತು ಎಳೆಗೊಂದು ಟಾಕಿ ಬಿದ್ದರೆ ಎಣಿಸುವವರಿಗೂ ಸಹಾಯ.

ಕೈಯಲ್ಲಿ ಕಲಿಸುವಾಗ ಒತ್ತಿ ಹೇಳಬೇಕಾದ ಒಂದು ವಿಷಯವಿದೆ. ಗಾವಂತಿಯ ವಾಪಸು ಓಟದಲ್ಲಿ ಹೊಸ ಹೊಲಿಗೆ ಹಳೆಯ ಹೊಲಿಗೆಯ ಅದೇ ರಂಧ್ರದಲ್ಲಿ ಏಳಬೇಕು, ಅದೇ ರಂಧ್ರದಲ್ಲಿ ಇಳಿಯಬೇಕು. ಆದರೆ ಪ್ರತಿ ಸಲವೂ ಹಳೆಯ ದಾರದ ಒಂದೇ ಪಕ್ಕದಲ್ಲಿ ಎದ್ದು ಇನ್ನೊಂದು ಪಕ್ಕದಲ್ಲಿ ಇಳಿಯಬೇಕು. ಒಮ್ಮೆ ಮೇಲಿಂದ, ಒಮ್ಮೆ ಕೆಳಗಿಂದ ಆದರೆ ಗೆರೆ ಹಾವಿನ ಹಾಗೆ ಓಲಾಡುತ್ತದೆ. ದಾರವನ್ನು ಮೊಣಕೈಯಿಂದ ಬೆರಳ ತುದಿಯಷ್ಟು, ಸುಮಾರು 45 ಸೆಂಟಿಮೀಟರ್ ಮಾತ್ರ ಕತ್ತರಿಸಬೇಕು. ಉದ್ದ ದಾರ ಬಟ್ಟೆಯೊಳಗೆ ಹಾದು ಹಾದು ಹೊಳಪು ಕಳೆದು ನಾರು ಏಳುತ್ತದೆ.

ಮಾಲು ಬಂದಾಗ ಹೊಲಿದವರ ಎದುರೇ ನೋಡಿ. ಮೊದಲು ಹಿಂಬದಿ ತಿರುಗಿಸಿ: ಗಂಟು, ಉದ್ದ ಜಿಗಿತ, ಬಾಲ ಬಿಟ್ಟ ದಾರ. ಆಮೇಲೆ ಬೆಳಕಿಗೆ ಹಿಡಿಯಿರಿ, ತುದಿ ಮುಚ್ಚಿದ ಜಾಗ ದಪ್ಪವಾಗಿ ಕಂಡರೆ ತಿಳಿಹೇಳಿ. ಒಂದು ಎಳೆ ಎಣಿಕೆ ತಪ್ಪಿದ್ದು ಸಾಲಿನ ಕೊನೆಯಲ್ಲಿ ಮಾತ್ರ ಕಾಣುತ್ತದೆ, ಆದ್ದರಿಂದ ಮೊದಲ ಬುಟ್ಟಾ ಮುಗಿದ ಕೂಡಲೇ ವಾಟ್ಸಾಪಿನಲ್ಲಿ ಫೋಟೊ ಕಳಿಸುವ ರೂಢಿ ಮಾಡಿಸಿ. ಒಪ್ಪಿದ ಮಾಲಿಗೆ ಅದೇ ದಿನ ದುಡ್ಡು. ಗಿರಾಕಿ ನಿಮಗೆ ಕೊಟ್ಟಿಲ್ಲ ಎನ್ನುವುದು ಹೊಲಿದವಳ ತಲೆನೋವಲ್ಲ. ಒಂದೂವರೆ ತಿಂಗಳ ಕೂಲಿಯಷ್ಟು ಹಣ ಕೈಯಲ್ಲಿಲ್ಲದೆ ದೊಡ್ಡ ಆರ್ಡರ್ ಹಿಡಿಯಬೇಡಿ.

ಸಮಯ ಕೊಡುವಾಗ ಪಂಚಾಂಗ ಮತ್ತು ಮಳೆ ಎರಡನ್ನೂ ನೋಡಿ. ಮುಂಗಾರಿನ ಬಿತ್ತನೆ, ಕಳೆ, ಹಿಂಗಾರಿನ ಬಿತ್ತನೆ, ಸುಗ್ಗಿ, ಗಣೇಶ ಚೌತಿಯ ವಾರ ಇವುಗಳಲ್ಲಿ ಹಳ್ಳಿಯ ಕೈಗಳು ಸೂಜಿಗೆ ಸಿಗುವುದಿಲ್ಲ. ದಸರಾ-ದೀಪಾವಳಿ ಮಾಲು ಆಷಾಢದಲ್ಲೇ ಕೈಗೆ ಹೋಗಿರಬೇಕು. ಮದುವೆಯ ಕಪ್ಪು ಚಂದ್ರಕಾಳಿ ಸೀರೆಗೆ 12,000 ಹೊಲಿಗೆ ಇದ್ದರೆ 60 ಗಂಟೆ, ದಿನಕ್ಕೆ ನಾಲ್ಕು ಗಂಟೆಯಂತೆ 15 ಕೆಲಸದ ದಿನ. ಕಪ್ಪು ಬಟ್ಟೆಯಲ್ಲಿ ಎಳೆ ಕಾಣುವುದು ಕಷ್ಟ, ಸಂಜೆ ದೀಪದಲ್ಲಿ ಕೆಲಸ ಆಗುವುದಿಲ್ಲ, ಅದಕ್ಕೆ ಇನ್ನಷ್ಟು ದಿನ ಸೇರಿಸಿ. ಬೇಗ ಬೇಕು ಅಂತ ಒಂದೇ ಸೆರಗನ್ನು ಇಬ್ಬರಿಗೆ ಹಂಚಿದರೆ ಇಬ್ಬರ ಬಿಗಿ ಬೇರೆ ಬೇರೆ, ಎಲ್ಲಿ ಕೈ ಬದಲಾಯಿತು ಎಂದು ದೂರದಿಂದಲೇ ಕಾಣುತ್ತದೆ. ಇಂಥ ಆರ್ಡರಿಗೆ ದಾರ ಕೊಳ್ಳುವ ಮೊದಲೇ ಅರ್ಧ ಹಣ ಮುಂಗಡ ತೆಗೆದುಕೊಳ್ಳಿ, ಮಾದರಿ ತುಂಡಿಗೆ ಒಪ್ಪಿಗೆ ಬರಹದಲ್ಲಿ ಇರಲಿ.

ಮಾರಾಟ

ಯಂತ್ರದ ಕಸೂತಿ ನಿಮ್ಮ ಬೆಲೆಯ ಕಾಲುಭಾಗಕ್ಕೆ ಸಿಗುತ್ತದೆ, ಫೋಟೊದಲ್ಲಿ ಮುಂಬದಿ ಹೆಚ್ಚುಕಡಿಮೆ ಒಂದೇ. ಹಾಗಾಗಿ ಹಿಂಬದಿಯ ಫೋಟೊ ಹಾಕಿ. ಯಂತ್ರದ ಹೊಲಿಗೆಯ ಹಿಂದೆ ಕೆಳಗಿನ ಬಾಬಿನ್ ದಾರ, ಅಂಟಿಸಿದ ಕಾಗದದ ಚೂರು ಕಾಣುತ್ತವೆ. ಗಾವಂತಿಯ ಹಿಂದೆ ಅದೇ ಗೋಪುರ ಮತ್ತೆ ಕಾಣುತ್ತದೆ. ಅಂಚನ್ನು ಅರ್ಧ ಮಡಚಿ ಎರಡೂ ಬದಿ ಒಂದೇ ಚಿತ್ರದಲ್ಲಿ ಬರುವಂತೆ, ಕಿಟಕಿಯ ಪಕ್ಕದ ಬೆಳಕಿನಲ್ಲಿ, ಒಂದು ನಾಣ್ಯ ಪಕ್ಕಕ್ಕಿಟ್ಟು ತೆಗೆಯಿರಿ. ಪ್ರದರ್ಶನದಲ್ಲಿ ಗಿರಾಕಿಯ ಕೈಗೆ ಬಟ್ಟೆ ಕೊಟ್ಟು ತಿರುಗಿಸಿ ನೋಡಲು ಹೇಳಿದರೆ ಅರ್ಧ ಮಾತು ಉಳಿಯುತ್ತದೆ.

ಪ್ರದರ್ಶನದ ಲೆಕ್ಕ ಹೀಗೆ. ಮಳಿಗೆ ಬಾಡಿಗೆ 15,000, ಓಡಾಟ-ವಸತಿ 6,000, ಸಹಾಯಕಿಗೆ 3,000: ಒಟ್ಟು 24,000. 7,350ಕ್ಕೆ ಒಂದು ದುಪಟ್ಟ ಹೋದರೆ 3,087 ಕಳೆದು 4,263 ಉಳಿಯುತ್ತದೆ, ಆರು ಮಾರಿದರೆ ಖರ್ಚು ಹುಟ್ಟಿತು. ಕೊನೆಯ ದಿನದ ಗಾಬರಿಗೆ ಬಿದ್ದು ಎಲ್ಲಕ್ಕೂ ಶೇ. 20 ರಿಯಾಯಿತಿ ಎಂದರೆ ಒಂಬತ್ತು ಮಾರಬೇಕು. ಆ ಮೂರು ಹೆಚ್ಚಿನ ದುಪಟ್ಟ ಅಂದರೆ 81 ಗಂಟೆ ಹೊಲಿಗೆ. ರಿಯಾಯಿತಿಗಿಂತ 150ರಿಂದ 400 ರೂ. ಒಳಗಿನ ಸಣ್ಣ ವಸ್ತು ಇಡುವುದು ವಾಸಿ: ಪುಸ್ತಕದ ಗುರುತುಪಟ್ಟಿ, ಗುಳೇದಗುಡ್ಡ ಖಣದ ಚೂರಿಗೆ ಹೊಂದಿಸಿದ ಚಿಕ್ಕ ಚೀಲ, ಕಿವಿಯೋಲೆ. ಮಾದರಿ ತುಂಡುಗಳೂ ಚೌಕಟ್ಟು ಹಾಕಿದರೆ ಮಾರಾಟವಾಗುತ್ತವೆ. ಅಂಗಡಿಗೆ ಕೊಟ್ಟ ಅದೇ ಮಾಲನ್ನು ನಿಮ್ಮ ಮಳಿಗೆಯಲ್ಲಿ ಕಡಿಮೆಗೆ ಮಾರಬೇಡಿ, ಅಂಗಡಿಯವರಿಗೆ ಸುದ್ದಿ ಮುಟ್ಟಲು ಹೊತ್ತು ಬೇಡ.

ಬೆಂಗಳೂರಿನ ಚಿತ್ರಕಲಾ ಪರಿಷತ್ತಿನ ಆವರಣದಲ್ಲಿ ನಡೆಯುವ ಕರಕುಶಲ ಮೇಳಗಳು, ಕೇಂದ್ರದ ಗಾಂಧಿ ಶಿಲ್ಪ ಬಜಾರ್, ಸ್ವಸಹಾಯ ಸಂಘಗಳಿಗಾದರೆ ಸರಸ್ ಮೇಳ ಇವು ಮೊದಲಿಗೆ ನೋಡಬಹುದಾದ ಜಾಗಗಳು. ಕೇಂದ್ರದ ಮೇಳಗಳಿಗೆ ಜವಳಿ ಸಚಿವಾಲಯದ ಕರಕುಶಲ ಅಭಿವೃದ್ಧಿ ಆಯುಕ್ತರ ಕಚೇರಿ ಕೊಡುವ ‘ಪೆಹಚಾನ್’ ಗುರುತಿನ ಚೀಟಿ ಬೇಕು. ಅದು ಘಟಕಕ್ಕಲ್ಲ, ಕೆಲಸ ಮಾಡುವ ವ್ಯಕ್ತಿಗೆ. ನಿಮ್ಮ ಜೊತೆಯ ಎಲ್ಲ ಹೆಂಗಸರಿಗೂ ಮಾಡಿಸಿ.

ಅಂಗಡಿಗೆ ಮಾಲು ಕೊಡುವಾಗ ‘ಮಾರಿದ ಮೇಲೆ ದುಡ್ಡು’ ಎನ್ನುವ ಪದ್ಧತಿ ಎಲ್ಲೆಡೆ ಇದೆ. ಒಪ್ಪುವುದಾದರೆ ಎಷ್ಟು ತುಂಡು, ಎಷ್ಟು ತಿಂಗಳು, ಬಿಸಿಲಿಗೆ ಬಣ್ಣ ಹೋದರೆ ಅಥವಾ ಕಲೆಯಾದರೆ ಯಾರ ಹೊಣೆ ಎಂದು ಬರೆಸಿಕೊಳ್ಳಿ. ಹೊಸ ಘಟಕ ತನ್ನ ಮಾಲಿನ ಮೂರನೇ ಒಂದು ಪಾಲಿಗಿಂತ ಹೆಚ್ಚು ಹೀಗೆ ಕಟ್ಟಿಹಾಕಬಾರದು.

ಕಾಗದಪತ್ರ

ಸಣ್ಣ ಉದ್ಯಮಗಳಿಗೆ ಕೇಂದ್ರ ಸರಕಾರ ಕೊಡುವ ಉದ್ಯಮ್ ನೋಂದಣಿ ಆಧಾರ್, ಪ್ಯಾನ್ ಇದ್ದರೆ ಸರಕಾರಿ ಪೋರ್ಟಲಿನಲ್ಲಿ ಉಚಿತ. ಶುಲ್ಕ ಕೇಳುವ ಜಾಲತಾಣ ಸರಕಾರದ್ದಲ್ಲ. ನೋಂದಾಯಿಸುವಾಗ ತಯಾರಿಕೆ ಎಂದು ತೋರಿಸಿ, ಬರೀ ವ್ಯಾಪಾರ ಎಂದಲ್ಲ. ಬಾಕಿ ವಸೂಲಿಯ ರಕ್ಷಣೆ ವ್ಯಾಪಾರಿಗಳಿಗೆ ಸಿಗುವುದಿಲ್ಲ. ಕೈಕಸುಬಿನವರಿಗೆ ನೆರವು ಕೊಡುವ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ದರ್ಜಿ ಇದ್ದಾರೆ, ಕಸೂತಿ ಪ್ರತ್ಯೇಕವಾಗಿ ಇಲ್ಲ.

ರಾಜ್ಯದೊಳಗೆ ಸರಕು ಮಾತ್ರ ಮಾರುವವರಿಗೆ ಕರ್ನಾಟಕದಲ್ಲಿ ವರ್ಷದ ವಹಿವಾಟು 40 ಲಕ್ಷ ದಾಟುವವರೆಗೆ ಜಿಎಸ್‌ಟಿ ನೋಂದಣಿ ಕಡ್ಡಾಯವಲ್ಲ. ಹೊರರಾಜ್ಯಕ್ಕೆ ಮಾರಿದರೆ ಸಾಮಾನ್ಯವಾಗಿ ಮೊದಲ ರೂಪಾಯಿಯಿಂದಲೇ ಬೇಕು, ಆದರೆ ಅಧಿಸೂಚನೆಯ ಪಟ್ಟಿಯಲ್ಲಿರುವ ಕರಕುಶಲ ವಸ್ತುಗಳಿಗೆ 20 ಲಕ್ಷದವರೆಗೆ ವಿನಾಯಿತಿ ಇದೆ. 2023ರ ಅಕ್ಟೋಬರ್ 1ರಿಂದ ನೋಂದಣಿ ಇಲ್ಲದ ಸಣ್ಣವರೂ ಆನ್‌ಲೈನ್ ಮಾರುಕಟ್ಟೆಗಳಲ್ಲಿ ತಮ್ಮ ರಾಜ್ಯದೊಳಗೆ ಮಾರಬಹುದು, ಅದಕ್ಕೆ ಜಿಎಸ್‌ಟಿ ಪೋರ್ಟಲಿನಿಂದ ದಾಖಲಾತಿ ಸಂಖ್ಯೆ ಪಡೆಯಬೇಕು. ದರದ ವಿಷಯದಲ್ಲಿ ಒಂದು ಗೆರೆ ನೆನಪಿರಲಿ: 2025ರ ಸೆಪ್ಟೆಂಬರ್ 22ರಿಂದ ಸಿದ್ಧ ಉಡುಪಿನ ಬೆಲೆ ಒಂದಕ್ಕೆ 2,500 ರೂ. ಒಳಗಿದ್ದರೆ ಶೇ. 5, ಮೀರಿದರೆ ಶೇ. 18. ಸೀರೆ ಬಟ್ಟೆಯ ಗುಂಪಿಗೆ ಸೇರುತ್ತದೆ, ಅದಕ್ಕೆ ಈ ಗೆರೆ ಇಲ್ಲ. ದುಪಟ್ಟ, ಕುರ್ತಾ, ದಿಂಬಿನ ಕವರುಗಳ ಎಚ್‌ಎಸ್‌ಎನ್ ಸಂಖ್ಯೆಯನ್ನು, ಅಂದರೆ ಯಾವ ತೆರಿಗೆ ದರ ಎಂದು ತೀರ್ಮಾನಿಸುವ ಸರಕಿನ ಸಂಖ್ಯೆಯನ್ನು, ಚೀಟಿ ಅಚ್ಚು ಹಾಕಿಸುವ ಮೊದಲೇ ಲೆಕ್ಕಿಗರಿಂದ ಖಚಿತ ಮಾಡಿಕೊಳ್ಳಿ. ಶೇ. 13ರ ವ್ಯತ್ಯಾಸ ನಿಮ್ಮ ಲಾಭವನ್ನು ಪೂರ್ತಿ ನುಂಗಬಲ್ಲದು.

ಕರ್ನಾಟಕದ ಕಸೂತಿಗೆ ಭೌಗೋಳಿಕ ಗುರುತು (ಜಿಐ), ಅಂದರೆ ಇದು ಈ ಪ್ರದೇಶದ್ದೇ ಎನ್ನುವ ಕಾನೂನಿನ ಮಾನ್ಯತೆ, ಇದೆ. ಆ ಚಿಹ್ನೆಯನ್ನು ಚೀಟಿಯಲ್ಲಿ ಹಾಕಬೇಕಾದರೆ ಚೆನ್ನೈನ ನೋಂದಣಿ ಕಚೇರಿಯಲ್ಲಿ ಅಧಿಕೃತ ಬಳಕೆದಾರರಾಗಿ ಹೆಸರು ಹಚ್ಚಿಸಬೇಕು, ಸುಮ್ಮನೆ ಅಚ್ಚು ಹಾಕಿಸುವಂತಿಲ್ಲ. ಪೊಟ್ಟಣದ ಮೇಲೆ ತಯಾರಕರ ಹೆಸರು-ವಿಳಾಸ, ವಸ್ತುವಿನ ಹೆಸರು, ಸಂಖ್ಯೆ, ತಯಾರಿಸಿದ ತಿಂಗಳು-ವರ್ಷ, ಎಲ್ಲ ತೆರಿಗೆ ಸೇರಿದ ಗರಿಷ್ಠ ಬೆಲೆ, ದೂರಿಗೆ ಫೋನು ಇರಬೇಕು.

ಹೊರದೇಶದ ಕನ್ನಡಿಗರಿಂದ ಆರ್ಡರ್ ಬಂದರೆ ರಫ್ತಿನ ಐಇಸಿ ಸಂಖ್ಯೆ ಮೊದಲು ಮಾಡಿಸಿ. ಅಮೆರಿಕಕ್ಕೆ 800 ಡಾಲರ್ ಒಳಗಿನ ಪಾರ್ಸೆಲ್‌ಗಳಿಗಿದ್ದ ಸುಂಕದ ವಿನಾಯಿತಿ 2025ರ ಆಗಸ್ಟ್ 29ರಿಂದ ಇಲ್ಲ. ಸುಂಕ ಯಾರು ಕಟ್ಟುತ್ತಾರೆ ಎಂದು ಬೆಲೆ ಹೇಳುವಾಗಲೇ ಬರೆಯಿರಿ, ಇಲ್ಲವಾದರೆ ಗಿರಾಕಿ ಪಾರ್ಸೆಲ್ ತೆಗೆದುಕೊಳ್ಳದೆ ವಾಪಸು ಕಳಿಸುತ್ತಾರೆ, ಎರಡು ಕಡೆಯ ಸಾಗಣೆ ನಿಮ್ಮ ತಲೆಗೆ.

ಬಾಕಿಯ ವಿಷಯ. ಉದ್ಯಮ್ ನೋಂದಣಿಯ ಸಣ್ಣ ತಯಾರಕರಿಗೆ ಕೊಳ್ಳುವವರು ಬರಹದ ಒಪ್ಪಂದ ಇಲ್ಲದಿದ್ದರೆ 15 ದಿನದಲ್ಲಿ, ಇದ್ದರೆ ಹೆಚ್ಚೆಂದರೆ 45 ದಿನದಲ್ಲಿ ಹಣ ಕೊಡಬೇಕು. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಜೊತೆಗೆ ಆದಾಯ ತೆರಿಗೆ ಕಾಯ್ದೆಯಲ್ಲಿ ಬಂದ ಬದಲಾವಣೆಯಿಂದ, ಈ ಗಡುವು ಮೀರಿದ ಬಾಕಿಯನ್ನು ಕಂಪನಿಗಳು ನಿಜವಾಗಿ ಕೊಟ್ಟ ವರ್ಷದಲ್ಲಿ ಮಾತ್ರ ಖರ್ಚೆಂದು ತೋರಿಸಬಹುದು. ಇನ್‌ವಾಯ್ಸಿನ ಕೆಳಗೆ ಉದ್ಯಮ್ ಸಂಖ್ಯೆಯನ್ನೂ ಹಣ ಕೊಡಬೇಕಾದ ಕೊನೆಯ ದಿನವನ್ನೂ ಬರೆದಿಡಿ. ಮಾರ್ಚ್ ಮೊದಲ ವಾರದಲ್ಲಿ ಬಾಕಿ ಪಟ್ಟಿ ಕಳಿಸಿ, ಕಂಪನಿಗಳ ಲೆಕ್ಕಪತ್ರ ವಿಭಾಗದವರು ವರ್ಷದ ಬೇರೆ ಯಾವ ತಿಂಗಳಿಗಿಂತಲೂ ಆಗ ಬೇಗ ಉತ್ತರಿಸುತ್ತಾರೆ. ಅದಕ್ಕೂ ಬರದಿದ್ದರೆ ಸಣ್ಣ ಉದ್ಯಮಗಳ (ಎಂಎಸ್‌ಎಂಇ) ಕೇಂದ್ರ ಸಚಿವಾಲಯದ ಬಾಕಿ ದೂರಿನ ಪೋರ್ಟಲಿನಲ್ಲಿ ದೂರು ಹಾಕಬಹುದು. ಮಾಲು ತಲುಪಿದ ಸಹಿಯ ಚಲನ್ ಇಲ್ಲದೆ ಅಲ್ಲಿ ದೂರು ನಿಲ್ಲುವುದು ಕಷ್ಟ, ಪ್ರತಿ ಸಲ ಮಾಲು ಇಳಿಸುವಾಗಲೂ ಸಹಿ ಮಾಡಿಸಿಕೊಂಡೇ ಬನ್ನಿ.